ಕಾಗದ ಬರೆದ್ರೆ ರಾಕೆಟ್ ಹಾರುತ್ತಾ? ಅಮೆರಿಕದ ಜನ ಪತ್ರ ಬರೆದು ನಾಸಾಗೆ ದುಡ್ಡು ಕೊಡಿಸೋ ಕಥೆ

2025ರ ಮೇ ತಿಂಗಳಲ್ಲಿ ವೈಟ್ ಹೌಸ್ ಮುಂದಿನ ವರ್ಷದ ಬಜೆಟ್ ಪ್ರಸ್ತಾವನೆ ಹೊರಗೆ ಬಿಟ್ಟಾಗ ಬಾಹ್ಯಾಕಾಶದ ಬಗ್ಗೆ ಸ್ವಲ್ಪ ಆಸಕ್ತಿ ಇರೋರೂ ಬೆಚ್ಚಿಬಿದ್ರು. ನಾಸಾಗೆ ಸಿಗ್ತಿದ್ದ ಸುಮಾರು 2,480 ಕೋಟಿ ಡಾಲರನ್ನ 1,880 ಕೋಟಿಗೆ ಇಳಿಸ್ಬೇಕು, ಅದರಲ್ಲೂ ವಿಜ್ಞಾನದ ಪಾಲನ್ನ 730 ಕೋಟಿಯಿಂದ 390 ಕೋಟಿಗೆ, ಅಂದ್ರೆ ಹೆಚ್ಚುಕಮ್ಮಿ ಅರ್ಧಕ್ಕೆ ತರ್ಬೇಕು ಅಂತ ಅದರಲ್ಲಿತ್ತು. 40ಕ್ಕೂ ಹೆಚ್ಚು ಮಿಷನ್‌ಗಳ ಕಥೆ ಮುಗಿಯೋದ್ರಲ್ಲಿತ್ತು. ಗುರುಗ್ರಹ ಸುತ್ತುತ್ತಿರೋ ಜುನೋ, ಪ್ಲೂಟೋ ದಾಟಿ ಮುಂದೆ ಹೋಗಿರೋ ನ್ಯೂ ಹೊರೈಜನ್ಸ್ ಇವೆಲ್ಲ ಆ ಪಟ್ಟಿಯಲ್ಲಿದ್ವು, ಕೆಟ್ಟು ಕೂತಿರೋ ನೌಕೆಗಳೇನಲ್ಲ, ಚೆನ್ನಾಗೇ ಕೆಲ್ಸ ಮಾಡ್ತಿರೋವು.

ಎಂಟು ತಿಂಗಳಾದ ಮೇಲೆ, 2026ರ ಜನವರಿಯಲ್ಲಿ ಕೊನೇ ಬಿಲ್ ಪಾಸಾದಾಗ ನಾಸಾಗೆ ಸಿಕ್ಕಿದ್ದು ಸುಮಾರು 2,440 ಕೋಟಿ ಡಾಲರ್, ವಿಜ್ಞಾನಕ್ಕೆ ಸುಮಾರು 725 ಕೋಟಿ. ಎತ್ತಿದ್ದ ಕತ್ತರಿನ ಮತ್ತೆ ಕೆಳಗಿಟ್ಟ ಹಾಗೆ.

ಈ ಎಂಟು ತಿಂಗಳಲ್ಲಿ ಏನಾಯ್ತು ಅಂತ ನೋಡಿದ್ರೆ ಎಲ್ಲಾ ಕಡೆ ಒಂದು ವಿಷಯ ಸಿಗುತ್ತೆ: ಜನ ಪತ್ರ ಬರೆದ್ರು, ಇಮೇಲ್ ಕಳ್ಸಿದ್ರು, ಫೋನ್ ಮಾಡಿದ್ರು. ವಿಜ್ಞಾನಿಗಳಷ್ಟೇ ಅಲ್ಲ, ಟೀಚರ್‌ಗಳು, ರಿಟೈರ್ ಆದೋರು, ಸ್ಟೂಡೆಂಟ್ಸ್. ಇದನ್ನ ಕೇಳಿದ ತಕ್ಷಣ ಬರೋ ಪ್ರಶ್ನೆ, ಅಲ್ರೀ, ಸಾವಿರಾರು ಕೋಟಿ ಡಾಲರ್ ವ್ಯವಹಾರದಲ್ಲಿ ಯಾವನೋ ಒಬ್ಬ ಬರೆದ ಕಾಗದಕ್ಕೆ ಏನು ಬೆಲೆ? ಬೆಲೆ ಇದೆ, ಆದ್ರೆ ನಾವಂದ್ಕೊಂಡಿರೋ ಕಾರಣಕ್ಕಲ್ಲ.

ದುಡ್ಡಿನ ಬೀಗದಕೈ ಯಾರ ಹತ್ರ ಇದೆ?

ಮೊದಲಿಗೆ ಒಂದು ಗೊಂದಲ ಕಳ್ಕೊಳ್ಳೋಣ. ಈ ಲೇಖನದಲ್ಲಿ ಕಾಂಗ್ರೆಸ್ ಅಂದ್ರೆ ಪಾರ್ಟಿ ಅಲ್ಲ, ಅಮೆರಿಕದ ಸಂಸತ್ತಿನ ಹೆಸರೇ ಕಾಂಗ್ರೆಸ್. ಅದ್ರಲ್ಲಿ ಎರಡು ಮನೆ, 435 ಜನರ ಹೌಸ್ ಆಫ್ ರೆಪ್ರೆಸೆಂಟೇಟಿವ್ಸ್, 100 ಜನರ ಸೆನೆಟ್. ಹೌಸ್‌ನ ಒಬ್ಬೊಬ್ಬ ಸದಸ್ಯರೂ ಒಂದೊಂದು ಕ್ಷೇತ್ರದಿಂದ ಬರ್ತಾರೆ, ಒಂದು ಕ್ಷೇತ್ರ ಅಂದ್ರೆ ಸರಾಸರಿ ಏಳೂವರೆ ಲಕ್ಷ ಜನ. ಸೆನೆಟ್‌ಗೆ ರಾಜ್ಯಕ್ಕೆ ಇಬ್ಬರು.

ಅಧ್ಯಕ್ಷರು ಕೊಡೋದು ಬರೀ ಪ್ರಸ್ತಾವನೆ. "ನನ್ನ ಪ್ರಕಾರ ಹೀಗೆ ಖರ್ಚಾಗ್ಬೇಕು" ಅಂತ ಹೇಳೋ ಒಂದು ದಪ್ಪ ಪುಸ್ತಕ, ಅಷ್ಟೇ. ಸಂವಿಧಾನದ ಪ್ರಕಾರ ಖಜಾನೆಯಿಂದ ಒಂದು ಡಾಲರ್ ಹೊರಗೆ ಬರ್ಬೇಕಾದ್ರೂ ಕಾಂಗ್ರೆಸ್ ಕಾನೂನು ಮಾಡ್ಬೇಕು. ಹಾಗಾಗಿ ಅಧ್ಯಕ್ಷರು ನಾಸಾಗೆ ಕತ್ತರಿ ಹಾಕಿದ್ರು ಅಂತ ಹೆಡ್‌ಲೈನ್ ಬಂದ ದಿನ ನಿಜವಾಗ್ಲೂ ಕತ್ತರಿ ಬಿದ್ದಿರಲ್ಲ, ಹಾಕ್ಬೇಕು ಅಂತ ಕೇಳಿರ್ತಾರೆ.

ಕಾಂಗ್ರೆಸ್ ಒಳಗೂ ಎರಡು ಹಂತ ಇದೆ. ಆಥರೈಸೇಷನ್ ಅಂದ್ರೆ ಈ ಕೆಲ್ಸ ಮಾಡ್ಬಹುದು ಅನ್ನೋ ಒಪ್ಪಿಗೆ, ಅಪ್ರೋಪ್ರಿಯೇಷನ್ ಅಂದ್ರೆ ಅದಕ್ಕೆ ದುಡ್ಡು ಮಂಜೂರು ಮಾಡೋದು. ಮನೇಲಿ ಎಲ್ರೂ ಕೂತು "ಹೂಂ, ಹೊಸ ಫ್ರಿಜ್ ತಗೊಳ್ಳೋಣ" ಅಂತ ತಲೆ ಆಡಿಸೋದು ಒಂದು, ತಿಂಗಳ ಕೊನೇಲಿ ಬೀರು ತೆಗೆದು ದುಡ್ಡು ಎಣಿಸಿ ಕೈಗೆ ಕೊಡೋದು ಇನ್ನೊಂದು. ಮೊದಲನೇದು ಆಗಿ ಎರಡನೇದು ಆಗ್ದೇ ಇರೋ ಫ್ರಿಜ್‌ಗಳು ಎಲ್ಲಾ ಮನೇಲೂ ಇರುತ್ವೆ, ನಾಸಾದಲ್ಲೂ ಇವೆ.

ಈ ಮಂಜೂರಾತಿ 12 ಬೇರೆ ಬೇರೆ ಬಿಲ್‌ಗಳಲ್ಲಿ ಹಂಚಿಹೋಗಿರುತ್ತೆ, ಒಂದೊಂದಕ್ಕೂ ಒಂದೊಂದು ಸಬ್‌ಕಮಿಟಿ. ನಾಸಾ ಬರೋದು ಕಾಮರ್ಸ್, ಜಸ್ಟಿಸ್, ಸೈನ್ಸ್ ಅನ್ನೋ ಬಿಲ್ಲಲ್ಲಿ. ಅದೇ ತಟ್ಟೆಯಲ್ಲಿ ಎಫ್‌ಬಿಐ ಇದೆ, ಹವಾಮಾನ ನೋಡ್ಕೊಳ್ಳೋ ಇಲಾಖೆ ಇದೆ, ಜನಗಣತಿ ಇದೆ, ನ್ಯಾಷನಲ್ ಸೈನ್ಸ್ ಫೌಂಡೇಷನ್ ಇದೆ. ತಟ್ಟೆ ಸೈಜ್ ಮೊದಲೇ ಫಿಕ್ಸ್ ಆಗಿರುತ್ತೆ, ಹಾಗಾಗಿ ನಾಸಾಗೆ ಒಂದು ತುತ್ತು ಜಾಸ್ತಿ ಬೇಕಂದ್ರೆ ಪಕ್ಕದವರ ತುತ್ತು ಸಣ್ಣದಾಗ್ಬೇಕು. "ಯುದ್ಧಕ್ಕೆ ಸುರಿಯೋ ದುಡ್ಡಲ್ಲಿ ಸ್ವಲ್ಪ ಮಂಗಳ ಗ್ರಹಕ್ಕೆ ಕೊಡಿ" ಅಂತ ಜನ ಕೇಳ್ತಾರಲ್ಲ, ಅದು ಈ ಕಮಿಟಿ ಕೈಲಿ ಆಗೋ ಕೆಲ್ಸಾನೇ ಅಲ್ಲ, ರಕ್ಷಣಾ ಇಲಾಖೆ ಬೇರೆ ಬಿಲ್, ಬೇರೆ ತಟ್ಟೆ.

ಅಷ್ಟಕ್ಕೂ ನಾಸಾ ತಿನ್ನೋದು ಎಷ್ಟು? ಅಮೆರಿಕ ಸರ್ಕಾರ ಖರ್ಚು ಮಾಡೋ ಪ್ರತಿ 100 ಡಾಲರ್‌ನಲ್ಲಿ 40 ಸೆಂಟ್ ಆಸುಪಾಸು. ಅಪೋಲೋ ಕಾಲದಲ್ಲಿ, 1966ರಲ್ಲಿ, ಅದು 4 ಡಾಲರ್ ದಾಟಿತ್ತು.

ನಾಸಾನೇ ಹೋಗಿ ಕೇಳ್ಬಹುದಲ್ಲ?

ಆಗಲ್ಲ. ಸರ್ಕಾರಿ ಸಂಸ್ಥೆ ಸರ್ಕಾರದ ದುಡ್ಡಲ್ಲೇ ಕಾಂಗ್ರೆಸ್ ಮೇಲೆ ಒತ್ತಡ ಹಾಕೋದನ್ನ ಕಾನೂನು ತಡೆಯುತ್ತೆ. ಸಾಲದ್ದಕ್ಕೆ ನಾಸಾ ಅನ್ನೋದು ಅಮೆರಿಕದ ಅಧ್ಯಕ್ಷರ ಕೈಕೆಳಗಿನ ಸಂಸ್ಥೆ, ಅಧ್ಯಕ್ಷರೇ ಕತ್ತರಿ ಹಾಕಿದ್ರೆ ನಾಸಾ ಮುಖ್ಯಸ್ಥರು ಕಾಂಗ್ರೆಸ್ ಮುಂದೆ ಕೂತು ಆ ಕತ್ತರಿನೇ ಸಮರ್ಥಿಸ್ಬೇಕು. ಎಂಥಾ ಪೇಚು ನೋಡಿ.

ಹಾಗಾಗಿ ಹೊರಗಿನವರೇ ಬಾಯಿ ಬಿಡ್ಬೇಕು. 1980ರಲ್ಲಿ ಖಗೋಳ ವಿಜ್ಞಾನಿ ಕಾರ್ಲ್ ಸೇಗನ್, ಬ್ರೂಸ್ ಮರ್ರೆ, ಲೂಯಿಸ್ ಫ್ರೀಡ್‌ಮನ್ ಸೇರಿ ಪ್ಲಾನೆಟರಿ ಸೊಸೈಟಿ ಅನ್ನೋ ಸಂಘ ಕಟ್ಟಿದ್ದು ಇದಕ್ಕೇನೇ. ಜನಕ್ಕೆ ಗ್ರಹಗಳ ಬಗ್ಗೆ ಆಸಕ್ತಿ ಇಲ್ಲ ಅಂತ ವಾಷಿಂಗ್ಟನ್‌ನಲ್ಲಿ ಅಂದ್ಕೊಂಡಿದ್ರು, ಅದು ಸುಳ್ಳು ಅಂತ ತೋರ್ಸೋದಕ್ಕೆ ಒಂದು ಮೆಂಬರ್ ಲಿಸ್ಟ್ ಬೇಕಿತ್ತು. ಕೆಲವೇ ವರ್ಷದಲ್ಲಿ ಮೆಂಬರ್‌ಗಳ ಸಂಖ್ಯೆ ಒಂದು ಲಕ್ಷ ಮುಟ್ತು. ಬರೆಯೋ ಹಕ್ಕಂತೂ ಹಳೇದು, 1791ರ ಮೊದಲ ತಿದ್ದುಪಡಿಯಲ್ಲೇ ಸರ್ಕಾರಕ್ಕೆ ಅರ್ಜಿ ಹಾಕೋ ಹಕ್ಕು ವಾಕ್‌ಸ್ವಾತಂತ್ರ್ಯದ ಪಕ್ಕದಲ್ಲೇ ಕೂತಿದೆ.

ಪ್ಲಾನೆಟರಿ ಸೊಸೈಟಿಗೂ ಮುಂಚೆ ಒಂದು ತಮಾಷೆ ನಡೆದಿತ್ತು. ಮೊದಲ ಸ್ಪೇಸ್ ಶಟಲ್‌ಗೆ ಕಾನ್‌ಸ್ಟಿಟ್ಯೂಷನ್ ಅಂತ ಹೆಸರಿಡೋದು ಅಂತಾಗಿತ್ತು, ಸ್ಟಾರ್ ಟ್ರೆಕ್ ಅನ್ನೋ ಟಿವಿ ಸೀರಿಯಲ್ ಅಭಿಮಾನಿಗಳು ಅಧ್ಯಕ್ಷ ಫೋರ್ಡ್‌ಗೆ ಕಂತೆಗಟ್ಟಲೆ ಕಾಗದ ಬರೆದು ಅದನ್ನ ಎಂಟರ್‌ಪ್ರೈಸ್ (ಆ ಸೀರಿಯಲ್ಲಿನ ನೌಕೆ ಹೆಸರು) ಅಂತ ಬದಲಾಯಿಸಿದ್ರು, 1976ರ ಸೆಪ್ಟೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಪಾಮ್‌ಡೇಲ್‌ನಲ್ಲಿ ಶಟಲ್ ಹೊರಗೆ ಬಂದಾಗ ಆ ಸೀರಿಯಲ್ ನಟರೇ ಮುಂದೆ ನಿಂತಿದ್ರು. ಪಾಪ, ಅವ್ರು ಹಠ ಹಿಡಿದು ಹೆಸರಿಡಿಸಿದ ಆ ಶಟಲ್ ಬರೀ ಟೆಸ್ಟ್‌ಗೆ ಮಾಡಿದ್ದು, ಯಾವತ್ತೂ ಬಾಹ್ಯಾಕಾಶಕ್ಕೆ ಹೋಗ್ಲೇ ಇಲ್ಲ.

ಒಂದು ಕಾಗದ ಎಲ್ಲೆಲ್ಲಿ ಹೋಗುತ್ತೆ

ಈಗ ಕಾಗದದ ಹಿಂದೇನೇ ಹೋಗೋಣ. ನೀವು ಒಹಾಯೋದಲ್ಲಿ ಇದ್ದೀರ ಅಂದ್ಕೊಳ್ಳಿ, ಕೈಬರಹದಲ್ಲಿ ಒಂದು ಪುಟ ಬರೆದು ವಾಷಿಂಗ್ಟನ್‌ಗೆ ಪೋಸ್ಟ್ ಮಾಡಿದ್ರಿ. ಅದು ಸೀದಾ ನಿಮ್ಮ ಪ್ರತಿನಿಧಿ ಟೇಬಲ್‌ಗೆ ಹೋಗಲ್ಲ. 2001ರಲ್ಲಿ ಸೆನೆಟರ್‌ಗಳಿಗೆ ಬಂದ ಲಕೋಟೆಗಳಲ್ಲಿ ಆಂಥ್ರಾಕ್ಸ್ ಪುಡಿ ಸಿಕ್ಕಿದ ಮೇಲೆ ಕಾಂಗ್ರೆಸ್‌ಗೆ ಬರೋ ಅಂಚೆಯನ್ನ ಬೇರೆ ಕಡೆ ತಗೊಂಡು ಹೋಗಿ ವಿಕಿರಣ ಹಾಯಿಸಿ ಆಮೇಲೆ ಒಳಗೆ ಬಿಡ್ತಾರೆ. ಹೊರಗೆ ಬರೋವಾಗ ಕಾಗದ ಹಳದಿ ತಿರುಗಿ ಹಪ್ಪಳದ ಹಾಗೆ ಗರಿಗರಿ ಆಗಿರುತ್ತೆ, ಮಡಚಿದ ಕಡೆ ಮುರಿಯುತ್ತೆ. ಬಾಹ್ಯಾಕಾಶದ ಬಗ್ಗೆ ಬರೆದ ಕಾಗದಕ್ಕೆ ರಾಕೆಟ್ ಹತ್ತದೇನೇ ರೇಡಿಯೇಷನ್ ಸಿಕ್ಕಿಬಿಡುತ್ತೆ. ಇದಕ್ಕೆಲ್ಲ ದಿನಗಟ್ಟಲೆ, ಕೆಲವು ಸಲ ವಾರಗಟ್ಟಲೆ ಹಿಡಿಯುತ್ತೆ, ಅದಕ್ಕೇ ಈಗ ಹೆಚ್ಚಿನವರು ಪ್ರತಿನಿಧಿಯ ವೆಬ್‌ಸೈಟಲ್ಲಿರೋ ಫಾರ್ಮ್ ತುಂಬ್ತಾರೆ ಇಲ್ಲಾ ಫೋನ್ ಮಾಡ್ತಾರೆ. ಮಾತಲ್ಲಿ ಮಾತ್ರ ಇನ್ನೂ "ಕಾಗದ ಬರೆಯೋದು" ಅಂತಾನೇ ಉಳ್ಕೊಂಡಿದೆ.

ಆಫೀಸಲ್ಲಿ ಅದನ್ನ ಮೊದಲು ಓದೋದು ಲೆಜಿಸ್ಲೇಟಿವ್ ಕರೆಸ್ಪಾಂಡೆಂಟ್ ಅನ್ನೋ ಹುದ್ದೆಯವರು, ಹೆಚ್ಚಾಗಿ ಕಾಲೇಜು ಮುಗ್ಸಿ ಒಂದೆರಡು ವರ್ಷ ಆಗಿರೋ ಹುಡುಗ ಅಥವಾ ಹುಡುಗಿ. ಅವ್ರ ಕಣ್ಣು ಮೊದಲು ಹೋಗೋದು ನೀವು ಬರೆದ ವಿಷಯಕ್ಕಲ್ಲ, ವಿಳಾಸಕ್ಕೆ. ಜಿಪ್ ಕೋಡ್, ಅಂದ್ರೆ ಅಲ್ಲಿನ ಪಿನ್‌ಕೋಡ್, ತಮ್ಮ ಕ್ಷೇತ್ರದ್ದಾ? ಆಗಿದ್ರೆ ಮುಂದಿನ ಮಾತು. ಪಕ್ಕದ ಕ್ಷೇತ್ರದ್ದಾದ್ರೆ ನೀವು ಐನ್‌ಸ್ಟೈನ್ ಆಗಿದ್ರೂ ಲೆಕ್ಕಕ್ಕೆ ಬರಲ್ಲ. ಆಮೇಲೆ ಕಂಪ್ಯೂಟರಲ್ಲಿ ಎಂಟ್ರಿ: ಹೆಸರು, ವಿಳಾಸ, ವಿಷಯ ನಾಸಾ ಬಜೆಟ್, ನಿಲುವು ಪರ. ವಾರದ ಕೊನೇಲಿ ಒಂದು ವರದಿ ತಯಾರಾಗುತ್ತೆ, ಯಾವ ವಿಷಯಕ್ಕೆ ಎಷ್ಟು ಜನ ಬರೆದ್ರು, ಪರ ಎಷ್ಟು, ವಿರೋಧ ಎಷ್ಟು. ಪ್ರತಿನಿಧಿ ನೋಡೋದು ಹೆಚ್ಚಾಗಿ ಇದನ್ನೇ, ಜೊತೆಗೆ ಚೆನ್ನಾಗಿದೆ ಅಂತ ಸಿಬ್ಬಂದಿ ಎತ್ತಿಟ್ಟ ಒಂದೆರಡು ಕಾಗದ.

ಅಂದ್ರೆ ಕಾಗದ ಕೆಲ್ಸ ಮಾಡೋದು ವಾದದ ಥರ ಅಲ್ಲ, ತಕ್ಕಡಿಗೆ ಹಾಕಿದ ಕಲ್ಲಿನ ಥರ. ಆರೋಗ್ಯ ವಿಮೆ, ತೆರಿಗೆ, ವಲಸೆ ಇಂಥ ವಿಷಯಕ್ಕೆ ಸಾವಿರಗಟ್ಟಲೆ ಬಂದು ಬೀಳುತ್ತೆ, ಅಲ್ಲಿ ಇನ್ನೊಂದು ಕಲ್ಲು ಹಾಕಿದ್ರೆ ಮುಳ್ಳು ಅಲ್ಲಾಡಲ್ಲ. ಬಾಹ್ಯಾಕಾಶದ ಬಗ್ಗೆ ಯಾರೂ ಬರೆಯಲ್ಲ, ಆ ತಟ್ಟೆ ಹೆಚ್ಚಿನ ವಾರ ಖಾಲಿ. ಅಲ್ಲಿ ಒಂದೇ ವಾರ ಇಪ್ಪತ್ತು ಬಿದ್ರೂ "ಏನಿದು, ನಮ್ಮ ಕ್ಷೇತ್ರದಲ್ಲಿ ಇದ್ದಕ್ಕಿದ್ದ ಹಾಗೆ ಇಷ್ಟು ಜನ?" ಅಂತ ಯಾರಾದ್ರೂ ಕೇಳೇ ಕೇಳ್ತಾರೆ. ಸಣ್ಣ ವಿಷಯ ಆಗಿರೋದೇ ಇಲ್ಲಿ ಅನುಕೂಲ, ಇದನ್ನ ಅರ್ಥ ಮಾಡ್ಕೊಂಡ್ರೆ ಮುಂದಿನದೆಲ್ಲ ತಾನಾಗೇ ಅರ್ಥ ಆಗುತ್ತೆ.

ಎಲ್ಲರೂ ಒಂದೇ ಒಕ್ಕಣೆ ಕಾಪಿ ಹೊಡೆದು ಕಳ್ಸಿದ್ರೆ ಒಟ್ಟಿಗೆ ಒಂದು ಗುಂಪು ಮಾಡಿ ಎಣಿಸಿಬಿಡ್ತಾರೆ, ಬೆಲೆ ಕಮ್ಮಿ. ಸ್ವಂತ ಮಾತಲ್ಲಿ ಬರೆದಿದ್ದಕ್ಕೆ ಜಾಸ್ತಿ. "ನಾನು ಈ ಊರಿನ ಸ್ಕೂಲಲ್ಲಿ 12 ವರ್ಷದಿಂದ ಫಿಸಿಕ್ಸ್ ಪಾಠ ಮಾಡ್ತಿದೀನಿ, ಜುನೋ ಕಳ್ಸಿದ ಫೋಟೋಗಳನ್ನ ನನ್ನ ಮಕ್ಕಳೇ ಕ್ಲಾಸಲ್ಲಿ ಬಣ್ಣ ತಿದ್ದಿ ಗೋಡೆಗೆ ಅಂಟಿಸಿದ್ದಾರೆ, ಆ ಮಿಷನ್ ನಿಲ್ಲಿಸ್ಬೇಡಿ" ಅಂತ ನಾಲ್ಕು ಸಾಲು ಇದ್ರೆ ಅದನ್ನ ಓದಿದ ಹುಡುಗಿ ಪಕ್ಕಕ್ಕೆ ಎತ್ತಿಡ್ತಾಳೆ. ಬ್ರಹ್ಮಾಂಡದ ರಹಸ್ಯ, ಮಾನವಕುಲದ ಭವಿಷ್ಯ ಅಂತ ಮೂರು ಪುಟ ಇದ್ರೆ ಟಿಕ್ ಹಾಕಿ ಮುಂದಿನದಕ್ಕೆ ಹೋಗ್ತಾಳೆ.

ಪ್ಲೂಟೋ: ಹತ್ತು ಸಾವಿರ ಕಾಗದ

2000ನೇ ಇಸವಿ ಸೆಪ್ಟೆಂಬರ್‌ನಲ್ಲಿ ನಾಸಾ ಪ್ಲೂಟೋಗೆ ನೌಕೆ ಕಳ್ಸೋ ತನ್ನ ಪ್ಲೂಟೋ ಕೈಪರ್ ಎಕ್ಸ್‌ಪ್ರೆಸ್ ಯೋಜನೆ ಕೆಲ್ಸ ನಿಲ್ಸಿಬಿಡ್ತು, ಖರ್ಚು ಏರ್ತಾನೇ ಇತ್ತು ಅನ್ನೋದು ಕಾರಣ. ಆಮೇಲೆ ನೋಡೋಣ ಅಂತ ಮುಂದೂಡೋ ಹಾಗಿರ್ಲಿಲ್ಲ. ಪ್ಲೂಟೋ 1989ರಲ್ಲಿ ಸೂರ್ಯನಿಗೆ ತೀರಾ ಹತ್ರ ಬಂದು ಆಗ್ಲೇ ದೂರ ಸರೀತಿತ್ತು, ಚಳಿ ಏರಿ ಅದರ ತೆಳು ವಾತಾವರಣ ಹೆಪ್ಪುಗಟ್ಟಿ ನೆಲಕ್ಕೆ ಬಿದ್ದುಬಿಡುತ್ತೇನೋ ಅನ್ನೋ ಆತಂಕ. ಇನ್ನೊಂದು, ದಾರಿಯಲ್ಲಿ ಗುರುಗ್ರಹದ ಗುರುತ್ವದಿಂದ ಒಂದು ತಳ್ಳು ಸಿಗ್ಬೇಕಿತ್ತು. ಓಡ್ತಿರೋ ಬಸ್ಸಿನ ಕಂಬಿ ಒಂದು ಕ್ಷಣ ಹಿಡಿದು ಬಿಟ್ರೆ ಸೈಕಲ್ ರೊಯ್ಯನೆ ಮುಂದೆ ಹೋಗುತ್ತಲ್ಲ ಹಾಗೆ (ಮಾಡಕ್ಕೆ ಹೋಗ್ಬೇಡಿ ಮತ್ತೆ). ಆ ಬಸ್ಸು ಸಿಗ್ಬೇಕಂದ್ರೆ 2006ರ ಶುರುವಿನೊಳಗೆ ಹೊರಡ್ಬೇಕಿತ್ತು, ತಪ್ಪಿದ್ರೆ ಪ್ರಯಾಣ ವರ್ಷಗಟ್ಟಲೆ ಉದ್ದ ಆಗ್ತಿತ್ತು.

ಪ್ಲಾನೆಟರಿ ಸೊಸೈಟಿ ಮೆಂಬರ್‌ಗಳಿಗೆ ಬರೀರಿ ಅಂತು. ಪೆನ್ಸಿಲ್ವೇನಿಯಾದ ಒಬ್ಬ ಹೈಸ್ಕೂಲ್ ಹುಡುಗ ತಾನೇ ಒಂದು ಅಭಿಯಾನ ಶುರು ಮಾಡ್ದ. ಕೆಲವೇ ವಾರಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಕಾಗದ ಕಾಂಗ್ರೆಸ್ ಬಾಗಿಲಿಗೆ ಬಂತು. ಡಿಸೆಂಬರ್ ಹೊತ್ತಿಗೆ ನಾಸಾ ಬೇರೆ ರಾಗ ತೆಗೀತು: ಸರಿ, ಕಮ್ಮಿ ಖರ್ಚಲ್ಲಿ ಯಾರು ಮಾಡ್ತೀರೋ ಬನ್ನಿ ಅಂತ ಸ್ಪರ್ಧೆ ಘೋಷಿಸ್ತು. 2001ರ ನವೆಂಬರ್‌ನಲ್ಲಿ ಗ್ರಹವಿಜ್ಞಾನಿ ಅಲನ್ ಸ್ಟರ್ನ್ ಅವರ ತಂಡದ ನ್ಯೂ ಹೊರೈಜನ್ಸ್ ಗೆಲ್ತು.

ಇಲ್ಲಿಗೆ ಮುಗೀತು ಅಂದ್ಕೊಂಡ್ರೆ ಮುಗೀಲಿಲ್ಲ. ಹೊಸ ಅಧ್ಯಕ್ಷ ಬುಷ್ ಸರ್ಕಾರದ ಮೊದಲ ಬಜೆಟ್‌ನಲ್ಲಿ ಪ್ಲೂಟೋಗೆ ಸೊನ್ನೆ, ಕಾಂಗ್ರೆಸ್ 3 ಕೋಟಿ ಡಾಲರ್ ಹಾಕ್ತು. ಮುಂದಿನ ವರ್ಷ ಮತ್ತೆ ಸೊನ್ನೆ. ಈ ಸಲ ಜನರ ಕಾಗದದ ಜೊತೆ ಇನ್ನೊಂದು ಬಲ ಬಂತು, ಡೆಕೇಡಲ್ ಸರ್ವೇ. ಹತ್ತು ವರ್ಷಕ್ಕೊಮ್ಮೆ ವಿಜ್ಞಾನಿಗಳೆಲ್ಲ ಕೂತು, ತಮ್ಮೊಳಗೇ ಜಗಳ ಆಡಿ ಮುಗ್ಸಿ, ಮುಂದಿನ ದಶಕದಲ್ಲಿ ಯಾವ ಮಿಷನ್ ಮೊದಲು ಆಗ್ಬೇಕು ಅಂತ ಕೊಡೋ ಪಟ್ಟಿ ಅದು. 2002ರ ಪಟ್ಟಿಯಲ್ಲಿ ಮಧ್ಯಮ ಗಾತ್ರದ ಮಿಷನ್‌ಗಳಲ್ಲಿ ಪ್ಲೂಟೋನೇ ಮೊದಲು. ಕಾಂಗ್ರೆಸ್ ಸುಮಾರು 11 ಕೋಟಿ ಡಾಲರ್ ಕೊಡ್ತು. 2006ರ ಜನವರಿ 19ಕ್ಕೆ ನೌಕೆ ಹೊರಡ್ತು, 2015ರ ಜುಲೈ 14ಕ್ಕೆ ಪ್ಲೂಟೋದಿಂದ ಬರೀ 12,500 ಕಿಲೋಮೀಟರ್ ದೂರದಲ್ಲಿ ಹಾದು ಹೋಯ್ತು, ಆ ಹೃದಯದ ಆಕಾರದ ಬಿಳಿ ಮಂಜಿನ ಬಯಲಿನ ಫೋಟೋ ನೀವೂ ನೋಡಿರ್ತೀರ.

ಮೇರಿಲ್ಯಾಂಡ್ ಗುಟ್ಟು

ಬರೀ ಕಾಗದದಿಂದ ಇಷ್ಟೆಲ್ಲ ಆಯ್ತು ಅಂದ್ರೆ ಅರ್ಧ ಸತ್ಯ ಹೇಳಿದ ಹಾಗೆ. ಇನ್ನೂ ಎರಡು ಕಥೆ ನೋಡಿ.

ಕೊಲಂಬಿಯಾ ಶಟಲ್ ದುರಂತ ಆದ ಮುಂದಿನ ವರ್ಷ, 2004ರ ಜನವರಿಯಲ್ಲಿ, ಹಬಲ್ ಟೆಲಿಸ್ಕೋಪ್ ರಿಪೇರಿಗೆ ಇನ್ನು ಗಗನಯಾತ್ರಿಗಳನ್ನ ಕಳ್ಸಲ್ಲ ಅಂತ ನಾಸಾ ಹೇಳ್ತು. ಜನ ರೊಚ್ಚಿಗೆದ್ರು, ಕಾಗದ, ಇಮೇಲ್ ಸುರಿಮಳೆ. 2006ರ ಅಕ್ಟೋಬರ್‌ನಲ್ಲಿ ತೀರ್ಮಾನ ತಿರುಗು ಮುರುಗಾಯ್ತು, 2009ರ ಮೇನಲ್ಲಿ ರಿಪೇರಿ ಆಯ್ತು. ಇನ್ನೊಂದು, 2011ರ ಜುಲೈನಲ್ಲಿ ಹೌಸ್‌ನ ಸಬ್‌ಕಮಿಟಿ ಜೇಮ್ಸ್ ವೆಬ್ ಟೆಲಿಸ್ಕೋಪನ್ನೇ ರದ್ದು ಮಾಡೋ ಬಿಲ್ ತಂತು. ಮತ್ತೆ ಅದೇ ಗಲಾಟೆ, ನವೆಂಬರ್ ಹೊತ್ತಿಗೆ ಸುಮಾರು 53 ಕೋಟಿ ಡಾಲರ್ ಸಿಕ್ತು, 2021ರ ಕ್ರಿಸ್‌ಮಸ್ ದಿನ ಹಾರ್ತು.

ಪ್ಲೂಟೋ, ಹಬಲ್, ವೆಬ್ ಮೂರಕ್ಕೂ ಸೆನೆಟ್‌ನಲ್ಲಿ ಮುಂದೆ ನಿಂತಿದ್ದು ಒಬ್ರೇ, ಬಾರ್ಬರಾ ಮಿಕುಲ್ಸ್ಕಿ, ಮೇರಿಲ್ಯಾಂಡ್ ರಾಜ್ಯದವರು, ನಾಸಾ ದುಡ್ಡು ಮಂಜೂರು ಮಾಡೋ ಸಬ್‌ಕಮಿಟಿಯಲ್ಲಿದ್ದೋರು. ನ್ಯೂ ಹೊರೈಜನ್ಸ್ ಕಟ್ಟಿದ ಲ್ಯಾಬ್ ಮೇರಿಲ್ಯಾಂಡ್‌ನ ಲಾರೆಲ್‌ನಲ್ಲಿ. ಹಬಲ್, ವೆಬ್ ವಿಜ್ಞಾನ ಕೇಂದ್ರ ಮೇರಿಲ್ಯಾಂಡ್‌ನ ಬಾಲ್ಟಿಮೋರ್‌ನಲ್ಲಿ. ಎರಡನ್ನೂ ನೋಡ್ಕೊಳ್ಳೋ ಗೊಡಾರ್ಡ್ ಸೆಂಟರ್ ಮೇರಿಲ್ಯಾಂಡ್‌ನ ಗ್ರೀನ್‌ಬೆಲ್ಟ್‌ನಲ್ಲಿ. ಅವ್ರಿಗೆ ವಿಜ್ಞಾನದ ಮೇಲೆ ಪ್ರೀತಿ ಇರ್ಲಿಲ್ಲ ಅಂತ ನಾನು ಹೇಳ್ತಿಲ್ಲ, ಇತ್ತು, ಜೊತೆಗೆ ತಮ್ಮ ರಾಜ್ಯದ ಸಾವಿರಾರು ಕೆಲಸಗಳೂ ಇದ್ವು.

ಹಾಗಾದ್ರೆ ಉಳಿದ ರಾಜ್ಯದವರ ಕಾಗದ ಯಾಕೆ ಬೇಕಿತ್ತು? ಮಿಕುಲ್ಸ್ಕಿಗೆ ಒಂದೇ ವೋಟು. ಕಾನ್ಸಾಸ್‌ನವರೋ ಒರೆಗಾನ್‌ನವರೋ ತಲೆ ಆಡಿಸ್ಬೇಕಂದ್ರೆ "ನಮ್ಮ ಕಡೆ ಜನಾನೂ ಕೇಳ್ತಿದಾರೆ" ಅಂತ ತೋರ್ಸೋಕೆ ಅವ್ರಿಗೊಂದು ನೆಪ ಬೇಕು. ಮೊದಲೇ ಮನಸ್ಸಿರೋರಿಗೆ ಧೈರ್ಯ, ತಟಸ್ಥರಿಗೆ ನೆಪ, ಕಾಗದ ಮಾಡೋದು ಇಷ್ಟು. ಪೂರ್ತಿ ವಿರೋಧಿಗಳನ್ನ ಬದಲಾಯಿಸೋದು ಅಪರೂಪ. 1993ರ ಜೂನ್ 23ಕ್ಕೆ ಸ್ಪೇಸ್ ಸ್ಟೇಷನ್ ರದ್ದು ಮಾಡೋ ತಿದ್ದುಪಡಿ ಹೌಸ್‌ನಲ್ಲಿ 215-216ರಲ್ಲಿ ಬಿತ್ತು. ಒಂದೇ ಒಂದು ವೋಟು! ಅಂಥ ದಿನ ಯಾರ ಟೇಬಲ್ ಮೇಲಿದ್ದ ಯಾವ ನೆಪ ಕೆಲ್ಸಕ್ಕೆ ಬಂತೋ.

ಕಾಗದ ಸೋತ ಕಡೆ

ಅದೇ 1993ರ ಅಕ್ಟೋಬರ್‌ನಲ್ಲಿ ಅನ್ಯಗ್ರಹ ಜೀವಿಗಳ ರೇಡಿಯೋ ಸಂಕೇತ ಹುಡುಕೋ ನಾಸಾ ಯೋಜನೆಗೆ ಎಳ್ಳುನೀರು ಬಿಟ್ರು. ವರ್ಷಕ್ಕೆ ಸುಮಾರು 1.2 ಕೋಟಿ ಡಾಲರ್ ಅಷ್ಟೇ, ನಾಸಾ ಲೆಕ್ಕದಲ್ಲಿ ಚಿಲ್ಲರೆ. ಶುರುವಾಗಿ ಒಂದು ವರ್ಷ ಆಗಿತ್ತು. ಜನಕ್ಕೆ ತುಂಬಾ ಇಷ್ಟ ಆಗಿದ್ದ ವಿಷಯ, ಆದ್ರೆ ಯಾವ ರಾಜ್ಯಕ್ಕೂ ಹೇಳ್ಕೊಳ್ಳೋವಷ್ಟು ಉದ್ಯೋಗ ಇರ್ಲಿಲ್ಲ, ಎದ್ದು ನಿಲ್ಲೋ ಸೆನೆಟರ್ ಇರ್ಲಿಲ್ಲ, ಹಸಿರು ಮನುಷ್ಯರನ್ನ ಹುಡುಕೋಕೆ ದುಡ್ಡಾ ಅಂತ ಗೇಲಿ ಮಾಡೋದು ಸುಲಭ ಇತ್ತು. ಒಳಗೆ ಹಿಡಿದುಕೊಳ್ಳೋರು ಇಲ್ದೇ ಇದ್ರೆ ಹೊರಗಿನ ಕೂಗು ಗೋಡೆಗೆ ಬಡಿದು ವಾಪಸ್ ಬರುತ್ತೆ.

ಯಾವಾಗ ಬರೀಬೇಕು

ಇದು ವಿಳಾಸದಷ್ಟೇ ಮುಖ್ಯ. ಪ್ರಸ್ತಾವನೆ ಫೆಬ್ರವರಿಯಲ್ಲಿ ಬರ್ಬೇಕು, ಹೆಚ್ಚಾಗಿ ತಡ ಆಗುತ್ತೆ. ಆಮೇಲಿನ ವಾರಗಳಲ್ಲಿ ಸದಸ್ಯರು ಸಬ್‌ಕಮಿಟಿಗೆ "ನನಗೆ ಇದಿದು ಬೇಕು" ಅಂತ ಬೇಡಿಕೆ ಪಟ್ಟಿ ಕೊಡ್ತಾರೆ. ಆಮೇಲೆ ಮಾರ್ಕಪ್, ಅಂದ್ರೆ ಕಮಿಟಿ ಕೂತು ಬಿಲ್ಲನ್ನ ಸಾಲು ಸಾಲಾಗಿ ತಿದ್ದೋದು. ಅಕ್ಟೋಬರ್ 1ಕ್ಕೆ ಹೊಸ ಹಣಕಾಸು ವರ್ಷ. ಬೇಡಿಕೆ ಪಟ್ಟಿಗೆ ಮುಂಚೆ ಬಂದ ಹತ್ತು ಕಾಗದ, ಮಾರ್ಕಪ್ ಮುಗಿದ ಮೇಲೆ ಬಂದ ನೂರಕ್ಕಿಂತ ಮೇಲು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಏನು ಪ್ರಯೋಜನ?

ಏನು ಕೇಳ್ತಿದೀರಿ ಅನ್ನೋದೂ ಸ್ಪಷ್ಟ ಇರ್ಬೇಕು. "ಬಾಹ್ಯಾಕಾಶ ಬೆಂಬಲಿಸಿ" ಅಂದ್ರೆ ಎಲ್ರೂ ಬೆಂಬಲಿಸ್ತಾರೆ, ಅದಕ್ಕೇನು ಕಾಸು ಖರ್ಚಿಲ್ಲ. "ಕಾಮರ್ಸ್-ಜಸ್ಟಿಸ್-ಸೈನ್ಸ್ ಬಿಲ್ಲಲ್ಲಿ ನಾಸಾ ವಿಜ್ಞಾನಕ್ಕೆ 730 ಕೋಟಿಗೆ ಕಮ್ಮಿ ಇಲ್ದಂಗೆ ಇಡಿ" ಅಂದ್ರೆ ಹೂಂ ಅಥವಾ ಊಹೂಂ ಅನ್ಲೇಬೇಕಾಗುತ್ತೆ.

2025ರಲ್ಲಿ ಅಕ್ಟೋಬರ್ 1ರ ಗಡುವೂ ಮೀರ್ತು, ಸರ್ಕಾರ 43 ದಿನ ಶಟ್‌ಡೌನ್ ಆಯ್ತು, ಅಂದ್ರೆ ದುಡ್ಡು ಮಂಜೂರಾಗ್ದೇ ಎಷ್ಟೋ ಸರ್ಕಾರಿ ಕೆಲ್ಸ ನಿಂತುಹೋಯ್ತು. ಆ ಶಟ್‌ಡೌನ್ ನಡುವೆನೇ ನೂರಾರು ಜನ ಸ್ವಂತ ಖರ್ಚಲ್ಲಿ ವಾಷಿಂಗ್ಟನ್‌ಗೆ ಬಂದು ಆಫೀಸಿಂದ ಆಫೀಸಿಗೆ ಅಲೆದ್ರು, ಕಾಗದ ಬರೆಯೋದರ ಮುಂದಿನ ಹೆಜ್ಜೆ ಅದು. ಜುನೋ, ನ್ಯೂ ಹೊರೈಜನ್ಸ್ ಥರದ್ದಕ್ಕೆಲ್ಲ ಜನವರಿ ಬಿಲ್ಲಲ್ಲಿ ಉಸಿರಾಡೋಕೆ ಜಾಗ ಸಿಕ್ತು. ಮಂಗಳದ ಕಲ್ಲು ಮಣ್ಣು ಭೂಮಿಗೆ ತರೋ ಮಾರ್ಸ್ ಸ್ಯಾಂಪಲ್ ರಿಟರ್ನ್‌ಗೆ ಸಿಗ್ಲಿಲ್ಲ. ಅದಕ್ಕೂ ಜನ ಬರೆದಿದ್ರು, ಡೆಕೇಡಲ್ ಸರ್ವೇಯಲ್ಲೂ ಅದೇ ಮೊದಲಿತ್ತು, ಆದ್ರೆ ಅಂದಾಜು ಖರ್ಚು ಸಾವಿರ ಕೋಟಿ ಡಾಲರ್ ದಾಟೋ ಮಟ್ಟಕ್ಕೆ ಹೋಗಿತ್ತು, ಹಾಗಾಗಿ ಈಗಿನ ರೂಪದಲ್ಲಿ ಬೇಡ ಅಂತ ಕಾಂಗ್ರೆಸ್ಸೇ ಕೈಬಿಡ್ತು. ಪರ್ಸಿವಿಯರೆನ್ಸ್ ರೋವರ್ ಮಂಗಳದ ಜೆಜೆರೋ ಕುಳಿಯಲ್ಲಿ ಒಂದೊಂದಾಗಿ ಇಳಿಸಿಟ್ಟ 10 ಸ್ಯಾಂಪಲ್ ಟ್ಯೂಬ್‌ಗಳು 2023ರ ಜನವರಿಯಿಂದ ಅಲ್ಲೇ ಧೂಳಲ್ಲಿ ಬಿದ್ದಿವೆ.